ಗಾಳಕ್ಕೂ ಒಂದು ಲೆಕ್ಕ: ಬರ್ಮುಡಾದ ಮೀನುಗಳು ಮತ್ತು ಹವ್ಯಾಸಿ ಮೀನುಗಾರಿಕೆ

ಹೊಟ್ಟೆಪಾಡಿಗೆ ಬಲೆ ಬೀಸುವವರು ಬೇರೆ, ಸಂತೋಷಕ್ಕೆ ಗಾಳ ಹಾಕುವವರು ಬೇರೆ ಎಂದು ನಾವು ವಿಂಗಡಿಸುತ್ತೇವೆ. ಕಡಲಿಗೆ ಈ ವಿಂಗಡಣೆ ಗೊತ್ತಿಲ್ಲ. ಮೊಟ್ಟೆ ತುಂಬಿಕೊಂಡ ಮೀನೊಂದು ನೀರಿನಿಂದ ಮೇಲೆ ಬಂದರೆ, ಅದು ಯಾರ ದೋಣಿಗೆ ಬಿದ್ದರೂ ಮುಂದಿನ ವರ್ಷದ ಮರಿಗಳಲ್ಲಿ ಅಷ್ಟು ಕಡಿಮೆಯೇ. ಆದರೂ ಮೀನುಗಾರಿಕೆಯ ಕಾನೂನುಗಳೆಲ್ಲ ಬಹಳ ಕಾಲ ಬಲೆಯ ಕಡೆಗೇ ನೋಡಿದವು. ಗಾಳದ ಕಡ್ಡಿ ಹಿಡಿದವರನ್ನು ಲೆಕ್ಕದ ಪುಸ್ತಕದಿಂದ ಹೊರಗೇ ಇಟ್ಟವು. ಒಬ್ಬೊಬ್ಬರು ಹಿಡಿಯುವುದು ಒಂದೆರಡು ಮೀನು, ಅದರಿಂದ ಏನಾದೀತು ಎಂಬುದು ವಾದ.

ಈ ವಾದ ಎಷ್ಟು ನಿಲ್ಲುತ್ತದೆ ಎಂದು ಪರೀಕ್ಷಿಸಲು ಬರ್ಮುಡಾದಷ್ಟು ಅನುಕೂಲವಾದ ಜಾಗ ಇನ್ನೊಂದು ಸಿಗುವುದು ಕಷ್ಟ. ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ಕೂತಿರುವ, 60 ಸಾವಿರ ಚಿಲ್ಲರೆ ಜನಸಂಖ್ಯೆಯ ಈ ಬ್ರಿಟಿಷ್ ಅಧೀನ ಪ್ರದೇಶದಲ್ಲಿ ಹವ್ಯಾಸಿ ಮೀನುಗಾರಿಕೆ ಪ್ರವಾಸೋದ್ಯಮವೂ ಹೌದು, ಊರಿನವರ ಭಾನುವಾರದ ಅಭ್ಯಾಸವೂ ಹೌದು. ಇಲ್ಲಿನ ಮೀನುಗಳ ಪಟ್ಟಿ ಸಾಕಷ್ಟು ಚೆನ್ನಾಗಿ ದಾಖಲಾಗಿದೆ. ಮೀನು ಕುಸಿದದ್ದೂ, ಸರ್ಕಾರ ಕೈಹಾಕಿದ್ದೂ, ಅದರಿಂದ ಏನು ಮರಳಿತು ಏನು ಮರಳಲಿಲ್ಲ ಎಂಬುದೂ ಕಣ್ಣೆದುರಿಗಿದೆ.

ಮುಳುಗಿದ ಬೆಟ್ಟದ ತುದಿ

ಬರ್ಮುಡಾ ಇರುವುದು 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಉಷ್ಣವಲಯದ ಗಡಿ ದಾಟಿ ಸಾಕಷ್ಟು ಮೇಲೆ. ಅಮೆರಿಕದ ಉತ್ತರ ಕೆರೊಲಿನಾ ಕರಾವಳಿಯ ಕೇಪ್ ಹ್ಯಾಟರಸ್ ಇದಕ್ಕೆ ಅತಿ ಹತ್ತಿರದ ನೆಲ. ಅದೂ ಸಾವಿರ ಕಿಲೋಮೀಟರಿಗೂ ಆಚೆ. ನೆಲದ ವಿಸ್ತೀರ್ಣ ಸುಮಾರು 54 ಚದರ ಕಿಲೋಮೀಟರು ಮಾತ್ರ. ಮೂರು ಕೋಟಿ ವರ್ಷಗಳಿಗೂ ಹಿಂದೆ ತಣ್ಣಗಾದ ಜ್ವಾಲಾಮುಖಿಯೊಂದರ ತಲೆಯ ಮೇಲೆ ಸುಣ್ಣಕಲ್ಲು ಕೂತು ಆದ ದ್ವೀಪಗಳಿವು. ನೀರಿನ ಮೇಲೆ ಕಾಣುವ ನೆಲ ಚಿಕ್ಕದಾದರೂ ಅದರ ಸುತ್ತ ಆಳವಿಲ್ಲದ ನೀರಿನ ಅಗಲವಾದ ಜಗಲಿಯಿದೆ. ಜಗಲಿಯ ಅಂಚಿನುದ್ದಕ್ಕೂ ಹವಳದ ದಿಬ್ಬಗಳಿವೆ. ಅಂಚು ದಾಟಿದರೆ ಕಡಲ ತಳ ಕಡಿದಾಗಿ ಇಳಿದು ನಾಲ್ಕು ಸಾವಿರ ಮೀಟರಿನ ಆಳಕ್ಕೆ ಹೋಗುತ್ತದೆ.

ಈ ಅಕ್ಷಾಂಶದಲ್ಲಿ ಹವಳ ಬೆಳೆಯುವುದೇ ವಿಶೇಷ. ಪಶ್ಚಿಮದಲ್ಲಿ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹವೂ ಅದರಿಂದ ಕಳಚಿಕೊಂಡು ಬರುವ ಸುಳಿಗಳೂ ನೀರನ್ನು ಬೆಚ್ಚಗಿಡುತ್ತವೆ. ಚಳಿಗಾಲದಲ್ಲಿ 18–19 ಡಿಗ್ರಿಗೆ ಇಳಿದು ಬೇಸಿಗೆಯಲ್ಲಿ 27–28ಕ್ಕೆ ಏರುವ ಈ ನೀರಿನಲ್ಲಿ ಅಟ್ಲಾಂಟಿಕ್ಕಿನ ಅತ್ಯಂತ ಉತ್ತರದ ಹವಳದ ದಿಬ್ಬಗಳೂ ಕಾಂಡ್ಲಾ ಕಾಡುಗಳೂ ಉಳಿದಿವೆ. ಅದೇ ಪ್ರವಾಹವೇ ಕೆರಿಬಿಯನ್ ಕಡೆಯಿಂದ ಮೀನುಗಳ ಎಳೆಮರಿಗಳನ್ನು ಹೊತ್ತು ತರುತ್ತದೆ. ಆದರೆ ದಾರಿ ದೂರದ್ದು. ಎಲ್ಲ ಜಾತಿಯ ಮರಿಗಳೂ ಬದುಕಿ ಬರುವುದಿಲ್ಲ. ಆದ್ದರಿಂದ ಬರ್ಮುಡಾದ ಮೀನುಗಳು ಬಹುಪಾಲು ಕೆರಿಬಿಯನ್ ಬಂಧುಗಳೇ, ಆದರೆ ಅಲ್ಲಿನಷ್ಟು ವೈವಿಧ್ಯ ಇಲ್ಲಿಲ್ಲ. ಸ್ಮಿತ್-ವನಿಜ್, ಕೊಲೆಟ್ ಮತ್ತು ಲಕ್‌ಹರ್ಸ್ಟ್ ಎಂಬ ಮೂವರು ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ 'ಫಿಶಸ್ ಆಫ್ ಬರ್ಮುಡಾ' ನಾನೂರಕ್ಕೂ ಹೆಚ್ಚು ಜಾತಿಗಳನ್ನು ಪಟ್ಟಿಮಾಡುತ್ತದೆ. ಅವುಗಳಲ್ಲಿ ಇಲ್ಲಿ ಮಾತ್ರ ಸಿಗುವಂಥವು ಬೆರಳೆಣಿಕೆಯಷ್ಟು. ಬರ್ಮುಡಾ ಬ್ರೀಮ್ ಅಂಥದ್ದೊಂದು. ಎರೆಯಾಗಿ ಬಳಸುವ 'ಹಾಗ್‌ಮೌತ್ ಫ್ರೈ' ಎಂಬ ಪುಟ್ಟ ಮೀನು ಇನ್ನೊಂದು.

ಮುಂದಿನದೆಲ್ಲ ಈ ಒಂಟಿತನದ ಮೇಲೆಯೇ ನಿಂತಿದೆ. ಖಂಡದ ಕರಾವಳಿಯಲ್ಲಿ ಒಂದು ಕಡೆ ಮೀನು ತೀರಿದರೆ ಪಕ್ಕದ ನೀರಿನಿಂದ ಬಂದು ತುಂಬಿಕೊಳ್ಳುವ ಸಾಧ್ಯತೆ ಇರುತ್ತದೆ. ಇಲ್ಲಿ ಪಕ್ಕದ ನೀರು ಎಂಬುದೇ ಇಲ್ಲ. ದಿಬ್ಬದ ಮೀನು ಇಲ್ಲಿಯೇ ಹುಟ್ಟಿ ಇಲ್ಲಿಯೇ ಮೊಟ್ಟೆಯಿಡಬೇಕು, ಇಲ್ಲವೇ ಅಪರೂಪಕ್ಕೊಮ್ಮೆ ತೇಲಿಬರುವ ಮರಿಗಳಿಗಾಗಿ ಕಾಯಬೇಕು.

ದಡ, ದಿಬ್ಬ, ನೀಲಿನೀರು

ಬರ್ಮುಡಾದ ಗಾಳಗಾರಿಕೆಯನ್ನು ಮೂರು ಪಟ್ಟಿಗಳಾಗಿ ನೋಡಬಹುದು. ಮೊದಲನೆಯದು ದಡ. ಮರಳಿನ ತೀರ, ಕೊಲ್ಲಿ, ಬಂಡೆಗಳ ಮೇಲೆ ನಿಂತು ಹಗುರವಾದ ಕಡ್ಡಿಯಲ್ಲಿ ಹಿಡಿಯುವ ಮೀನುಗಳಿವು. ಇವುಗಳಲ್ಲಿ ಹೆಚ್ಚು ಮಾನ ಬೋನ್‌ಫಿಶ್‌ಗೆ. ಬೆಳ್ಳಿಯ ಬಣ್ಣದ, ಮೈತುಂಬ ಸಣ್ಣ ಮುಳ್ಳಿರುವ ಈ ಮೀನನ್ನು ತಿನ್ನುವವರು ಕಡಿಮೆ. ಮೊಣಕಾಲುದ್ದದ ನೀರಿನಲ್ಲಿ ಕಣ್ಣಿಟ್ಟು ಹುಡುಕಿ, ಸದ್ದಾಗದಂತೆ ಎರೆ ಎಸೆದು, ಕಚ್ಚಿದ ಮೇಲೆ ಅದು ಓಡುವ ಓಟವನ್ನು ತಡೆದು ನಿಲ್ಲಿಸುವುದೇ ಆಟ. ವೆಸ್ಟ್ ವೇಲ್ ಬೇ, ಶೆಲ್ಲಿ ಬೇ ಮುಂತಾದ ತೀರಗಳು ಇದಕ್ಕೆ ಹೆಸರಾದವು. ಇದರ ಜೊತೆಗೆ ಪೊಂಪಾನೊ, ಕಾಂಡ್ಲಾದ ನೆರಳಿನಲ್ಲಿ ಬೆಳೆದು ದೊಡ್ಡದಾಗುವ ಗ್ರೇ ಸ್ನ್ಯಾಪರ್, ಬಂಡೆಯ ಪಾಚಿ ಮೇಯುವ ಬರ್ಮುಡಾ ಚಬ್. ಗ್ರೇ ಸ್ನ್ಯಾಪರ್ ಹಡಗುಕಟ್ಟೆಯ ಬಳಿ ಗುಂಪಾಗಿ ಕಣ್ಣಿಗೆ ಬೀಳುತ್ತದೆ, ಗಾಳಕ್ಕೆ ಮಾತ್ರ ಸುಲಭಕ್ಕೆ ಬೀಳುವುದಿಲ್ಲ. ದಾರ ಕಂಡರೆ ಸಾಕು, ಹಿಂದೆ ಸರಿಯುತ್ತದೆ.

ಎರಡನೆಯದು ಹವಳದ ದಿಬ್ಬ ಮತ್ತು ಅದರ ಅಂಚು. ಸೀಸ ಕಟ್ಟಿದ ದಾರವನ್ನು ತಳಕ್ಕೆ ಬಿಟ್ಟು ಹಿಡಿಯುವ ಮೀನುಗಳ ಲೋಕ ಇದು. ನಮ್ಮ ಕರಾವಳಿಯವರು ಮುರು ಎಂದು ಕರೆಯುವ ಗ್ರೂಪರ್ ವರ್ಗದ ಮೀನುಗಳು ಇಲ್ಲಿನ ಯಜಮಾನರು. ಮೂವತ್ತು ವರ್ಷ ಬದುಕಬಲ್ಲ, ಆಳೆತ್ತರದ ಹತ್ತಿರಕ್ಕೆ ಬೆಳೆಯುವ ಕಪ್ಪು ಮುರುವನ್ನು ಊರಿನವರು 'ರಾಕ್‌ಫಿಶ್' ಎನ್ನುತ್ತಾರೆ. ಇದಕ್ಕಿಂತ ಚಿಕ್ಕದು ಕೆಂಪು ಚುಕ್ಕೆಗಳ ರೆಡ್ ಹೈಂಡ್. ಮೈಮೇಲೆ ಪಟ್ಟೆಗಳಿರುವ ನಸ್ಸಾವು ಮುರು ಒಂದು ಕಾಲಕ್ಕೆ ಊರಿನ ಮೀನುಮಾರಾಟದ ಆಧಾರವಾಗಿತ್ತು. ಇವುಗಳ ನಡುವೆ ಹಾಗ್‌ಫಿಶ್, ಯೆಲ್ಲೋಟೇಲ್ ಸ್ನ್ಯಾಪರ್, ಆಂಬರ್‌ಜಾಕ್, ಆಲ್ಮಾಕೊ ಜಾಕ್ ಇವೆ. ದಿಬ್ಬದ ಅಂಚಿನಲ್ಲಿ ಹಗುರ ದಾರ ಇಟ್ಟುಕೊಂಡು ಆಂಬರ್‌ಜಾಕ್‌ನೊಡನೆ ಸೆಣಸುವುದು ಹವ್ಯಾಸಿಗಳಿಗೆ ಬಲು ಪ್ರಿಯ.

ಮೂರನೆಯದು ನೀಲಿನೀರು. ಬರ್ಮುಡಾದ ಅದೃಷ್ಟ ಏನೆಂದರೆ ಸಾಗರದ ಆಳ ಇಲ್ಲಿ ತೀರಕ್ಕೆ ತೀರ ಹತ್ತಿರ. ವಿಲಿಯಂ ಬೀಬಿ ಮತ್ತು ಓಟಿಸ್ ಬಾರ್ಟನ್ ಉಕ್ಕಿನ ಗೋಳದೊಳಗೆ ಕೂತು 1934ರ ಆಗಸ್ಟ್ 15ರಂದು 923 ಮೀಟರ್ ಆಳಕ್ಕಿಳಿದದ್ದು ಇದೇ ದ್ವೀಪಸಮೂಹದ ನಾನ್‌ಸಚ್ ದ್ವೀಪದಾಚೆ. ಅಷ್ಟು ಆಳ ದಡದಿಂದ ಕೆಲವೇ ಮೈಲಿಗಳಲ್ಲಿ ಸಿಕ್ಕಿತು ಎಂಬುದೂ ಅವರು ಈ ಜಾಗವನ್ನು ಆರಿಸಿಕೊಳ್ಳಲು ಕಾರಣ. ಗಾಳಗಾರರಿಗೂ ಇದೇ ಅನುಕೂಲ. ಬೆಳಿಗ್ಗೆ ಹೊರಟ ದೋಣಿ ತಿಂಡಿಯ ಹೊತ್ತಿಗೆ ಮಾರ್ಲಿನ್ ಓಡಾಡುವ ನೀರಿನಲ್ಲಿರುತ್ತದೆ. ನೈರುತ್ಯಕ್ಕೆ ಚಾಲೆಂಜರ್ ಮತ್ತು ಆರ್ಗಸ್ ಎಂಬ ಎರಡು ಮುಳುಗಿದ ದಿಣ್ಣೆಗಳಿವೆ. ಅವುಗಳ ನೆತ್ತಿ ನೀರಿನಿಂದ ಸುಮಾರು ಐವತ್ತು ಮೀಟರ್ ಕೆಳಗೆ. ಆಳದ ಪ್ರವಾಹ ಬಂದು ಈ ದಿಣ್ಣೆಗಳಿಗೆ ಬಡಿದು ಮೇಲೇಳುವಾಗ ಸಣ್ಣ ಮೀನುಗಳು ಅಲ್ಲಿ ಸೇರುತ್ತವೆ. ಅವುಗಳ ಹಿಂದೆ ದೊಡ್ಡವು ಬರುತ್ತವೆ.

ಇಲ್ಲಿನ ನಿತ್ಯದ ನಾಯಕ ವಾಹೂ. ನಮ್ಮ ಅಂಜಲ್ ಮೀನಿನ ಕುಟುಂಬದ್ದೇ ಇದು. ಅದೇ ಉದ್ದನೆಯ ಮೈ, ಕತ್ತರಿಯಂಥ ಹಲ್ಲು, ಮೈಮೇಲೆ ನೀಲಿ ಪಟ್ಟೆಗಳು. ಕಡಲಿನ ಅತಿ ವೇಗದ ಮೀನುಗಳಲ್ಲಿ ಒಂದು. ವಸಂತದಲ್ಲಿ ಒಮ್ಮೆ, ಬೇಸಿಗೆ ಮುಗಿದು ಚಳಿ ಹತ್ತುವ ಮೊದಲು ಇನ್ನೊಮ್ಮೆ ಇದರ ಹಿಂಡುಗಳು ದಿಣ್ಣೆಗಳ ಬಳಿ ಹಾದುಹೋಗುತ್ತವೆ. ಹಳದಿ ರೆಕ್ಕೆಯ ಟ್ಯೂನಾ, ಪಶ್ಚಿಮ ಅಟ್ಲಾಂಟಿಕ್‌ನಲ್ಲಿ ಮಾತ್ರ ಸಿಗುವ ಕಪ್ಪುರೆಕ್ಕೆಯ ಟ್ಯೂನಾ, ಮಾಹಿಮಾಹಿ, ರೇನ್‌ಬೋ ರನ್ನರ್, ಬಿಳಿ ಮಾರ್ಲಿನ್ ಎಲ್ಲವೂ ಇಲ್ಲಿವೆ. ಎಲ್ಲಕ್ಕಿಂತ ಮೇಲೆ ನೀಲಿ ಮಾರ್ಲಿನ್. ಗಂಡು ನೀಲಿ ಮಾರ್ಲಿನ್ ನೂರೈವತ್ತು ಕಿಲೋ ದಾಟುವುದು ಅಪರೂಪ. ಹೆಣ್ಣು ಅದರ ಮೂರು ಪಟ್ಟಾದರೂ ಬೆಳೆಯುತ್ತದೆ. ಸಾವಿರ ಪೌಂಡು, ಅಂದರೆ ಸುಮಾರು 450 ಕಿಲೋ ಮೀರಿದ ಮಾರ್ಲಿನ್‌ಗಳು ಬರ್ಮುಡಾದ ನೀರಿನಲ್ಲಿ ಸಿಕ್ಕಿವೆ. ಪ್ರತಿ ಜುಲೈಯಲ್ಲಿ ಅಮೆರಿಕದ ಪೂರ್ವ ಕರಾವಳಿಯಿಂದ ದೊಡ್ಡ ದೊಡ್ಡ ದೋಣಿಗಳು ಇಲ್ಲಿನ ಪಂದ್ಯಗಳಿಗೆ ಬರುವುದು ಆ ಗಾತ್ರದ ಮೀನಿನ ಆಸೆಗೇ.

ಹಸಿವಿನಿಂದ ಹವ್ಯಾಸಕ್ಕೆ

ಮೀನು ಇಲ್ಲಿ ಮೊದಲಿಗೆ ಬದುಕುಳಿಯುವ ದಾರಿಯಾಗಿತ್ತು. 1609ರಲ್ಲಿ ವರ್ಜೀನಿಯಾಕ್ಕೆ ಹೊರಟಿದ್ದ 'ಸೀ ವೆಂಚರ್' ಹಡಗು ಬಿರುಗಾಳಿಗೆ ಸಿಕ್ಕಿ ಬರ್ಮುಡಾದ ದಿಬ್ಬಕ್ಕೆ ಬಡಿದಾಗ ಅದರಲ್ಲಿದ್ದ ಸುಮಾರು 150 ಜನ ಹತ್ತು ತಿಂಗಳ ಕಾಲ ಮೀನು, ಆಮೆ, ಕಾಡುಹಂದಿ, ಕಡಲಹಕ್ಕಿಗಳನ್ನು ತಿಂದು ಉಳಿದರು. ವಸಾಹತು ನೆಲೆಯಾದದ್ದು 1612ರಲ್ಲಿ. ಎಂಟೇ ವರ್ಷ ಕಳೆದು, 1620ರಲ್ಲಿ, ಎಳೆಯ ಆಮೆಗಳನ್ನು ಕೊಲ್ಲಬಾರದೆಂದು ಇಲ್ಲಿನ ಸಭೆ ಕಾನೂನು ಮಾಡಿತು. ಅಮೆರಿಕ ಖಂಡಗಳ ಕಡೆಯ ಯುರೋಪಿಯನ್ ವಸಾಹತುಗಳಲ್ಲಿ ಪ್ರಾಣಿಸಂರಕ್ಷಣೆಗೆ ಬಂದ ಮೊದಲ ಕಾನೂನುಗಳಲ್ಲಿ ಇದೂ ಒಂದು. ಚಿಕ್ಕ ದ್ವೀಪಕ್ಕೆ ತನ್ನ ಮಿತಿ ಬೇಗ ಗೊತ್ತಾಗುತ್ತದೆ. ಹಾಗೆಂದು ಕಾನೂನು ಬಂದ ಕೂಡಲೇ ಕಾಪಾಡಿದಂತಾಗುವುದಿಲ್ಲ. ಬರ್ಮುಡಾದ ತೀರಗಳಲ್ಲಿ ಮೊಟ್ಟೆಯಿಡುತ್ತಿದ್ದ ಹಸಿರು ಆಮೆಯ ಸಂತತಿಯನ್ನು ಆ ಕಾನೂನು ಉಳಿಸಲಿಲ್ಲ.

ಗಾಳ ಕ್ರೀಡೆಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಫ್ಲ್ಯಾಟ್ಸ್‌ನಲ್ಲಿರುವ ಬರ್ಮುಡಾ ಅಕ್ವೇರಿಯಂನ ಮೊದಲ ಮೇಲ್ವಿಚಾರಕ ಲೂಯಿ ಎಲ್. ಮೌಬ್ರೆ ಮೀನುಗಳ ವಿಷಯದಲ್ಲಿ ಅಸಾಧಾರಣ ಕಣ್ಣಿದ್ದ ಮನುಷ್ಯ. ಹಳದಿ ರೆಕ್ಕೆಯ ಟ್ಯೂನಾದಲ್ಲಿ ರೆಕ್ಕೆ ಬಹಳ ಉದ್ದವಾಗಿರುವಂಥವನ್ನು ಬೇರೆಯೇ ಜಾತಿಯೆಂದು ಬಗೆದು 1920ರಲ್ಲಿ ಅದಕ್ಕೆ ಆಲಿಸನ್ ಟ್ಯೂನಾ ಎಂದು ಹೆಸರಿಟ್ಟವರು ಅವರೇ. ವಿಜ್ಞಾನ ಮುಂದೆ ಎರಡೂ ಒಂದೇ ಎಂದು ತೀರ್ಮಾನಿಸಿದರೂ ಗಾಳಗಾರರ ಬಾಯಲ್ಲಿ ಆ ಹೆಸರು ದಶಕಗಳ ಕಾಲ ಉಳಿಯಿತು. ಅವರ ನಂತರ ಮಗ ಲೂಯಿ ಎಸ್. ಮೌಬ್ರೆ ಅಕ್ವೇರಿಯಂ ನೋಡಿಕೊಂಡರು. 1939ರಲ್ಲಿ ಅಮೆರಿಕದಲ್ಲಿ ಮೈಕಲ್ ಲರ್ನರ್ ಮುಂದಾಳುತನದಲ್ಲಿ ಅಂತರರಾಷ್ಟ್ರೀಯ ಗೇಮ್ ಫಿಶ್ ಅಸೋಸಿಯೇಷನ್ ಹುಟ್ಟಿತು. ದಾರದ ಬಲ ಎಷ್ಟು ಪೌಂಡು ಎಂಬುದರ ಮೇಲೆ ದಾಖಲೆಗಳನ್ನು ವಿಂಗಡಿಸುವ ಅದರ ಪದ್ಧತಿ ಬರ್ಮುಡಾಕ್ಕೆ ಹೇಳಿಮಾಡಿಸಿದಂತಿತ್ತು. ಭಾರದ ಮೀನನ್ನು ಹಗುರ ದಾರದಲ್ಲಿ ಹಿಡಿಯುವ ಜಾಣ್ಮೆಗೆ ಈ ದ್ವೀಪ ಹೆಸರಾಯಿತು.

ಆ ಜಾಣ್ಮೆಯ ಹಿಂದೆ ಊರಿನವರ ಒಂದು ವಿಧಾನವಿದೆ. ದಿಣ್ಣೆಯ ಅಂಚಿನಲ್ಲಿ ದೋಣಿಗೆ ಲಂಗರು ಹಾಕಿ, ಕೊಲ್ಲಿಯಲ್ಲಿ ಬಲೆ ಬೀಸಿ ತಂದ ಪುಟ್ಟ ಮೀನುಗಳನ್ನು ಹಿಡಿಹಿಡಿಯಾಗಿ ಪ್ರವಾಹಕ್ಕೆ ಚೆಲ್ಲುತ್ತ ಹೋಗುತ್ತಾರೆ. ಚೆಲ್ಲಿದ್ದು ಸಾಲಾಗಿ ತೇಲಿ ಆಳದ ಕಡೆಗೆ ಇಳಿಯುತ್ತದೆ. ಆ ಸಾಲನ್ನು ಹಿಡಿದು ಟ್ಯೂನಾ, ಆಂಬರ್‌ಜಾಕ್, ವಾಹೂಗಳು ದೋಣಿಯ ಹಿಂಭಾಗದವರೆಗೂ ಏರಿಬರುತ್ತವೆ. ಆಗ ಅದೇ ಪುಟ್ಟ ಮೀನೊಂದರೊಳಗೆ ಕೊಕ್ಕೆ ಅಡಗಿಸಿ, ಉಳಿದವುಗಳ ಜೊತೆ ಅದೇ ವೇಗದಲ್ಲಿ ತೇಲುವಂತೆ ದಾರ ಬಿಡಬೇಕು. ದಾರ ತುಸು ಬಿಗಿಯಾದರೂ ಟ್ಯೂನಾ ಮುಟ್ಟುವುದಿಲ್ಲ. ಮಾರ್ಲಿನ್‌ಗೆ ಇದು ನಡೆಯದು. ಅದಕ್ಕೆ ದೋಣಿ ಓಡಿಸುತ್ತಲೇ ಹಿಂದೆ ಬಣ್ಣದ ಕೃತಕ ಎರೆಗಳನ್ನು ಎಳೆದುಕೊಂಡು ಹೋಗುವ ಟ್ರೋಲಿಂಗ್ ಬೇಕು. ಮೊದಲನೆಯದರಲ್ಲಿ ಕೈಯ ನಯ ಮುಖ್ಯ. ಎರಡನೆಯದರಲ್ಲಿ ಯಂತ್ರ, ದುಡ್ಡು ಮತ್ತು ನಾಯಕನ ಅನುಭವ ಮುಖ್ಯ.

ಮುರು ಮೀನಿನ ಕುಸಿತ

ಈ ಸಂಭ್ರಮದ ನಡುವೆಯೇ ದಿಬ್ಬದ ಮೇಲೆ ಬೇರೊಂದು ಸಂಗತಿ ನಡೆಯುತ್ತಿತ್ತು. ಬರ್ಮುಡಾದ ವೃತ್ತಿ ಮೀನುಗಾರರ ಮುಖ್ಯ ಸಾಧನ ತಂತಿಜಾಲರಿಯ ಗೂಡು. ಮಲೆನಾಡಿನ ಹಳ್ಳಗಳಲ್ಲಿ ಬಿದಿರಿನ ಕೂಣಿ ಇಡುವ ಹಾಗೆಯೇ, ಒಳಗೆ ಹೋಗಲು ದಾರಿಯಿದೆ, ಹೊರಬರಲು ಇಲ್ಲ. ತಳದಲ್ಲಿ ಇಟ್ಟುಬಂದರೆ ಹಗಲೂ ಇರುಳೂ ಹಿಡಿಯುತ್ತಲೇ ಇರುತ್ತದೆ. ಹಗ್ಗ ಕಡಿದು ಕಳೆದುಹೋದ ಗೂಡು ಯಾರೂ ಎತ್ತುವವರಿಲ್ಲದೆ ಹಿಡಿದು ಕೊಲ್ಲುತ್ತ ಕೂರುತ್ತದೆ.

ಮುರು ಮೀನಿನ ಬದುಕಿನ ಕ್ರಮವೇ ಅದಕ್ಕೆ ಮುಳುವಾಯಿತು. ವರ್ಷವಿಡೀ ಒಂಟಿಯಾಗಿರುವ ಈ ಮೀನುಗಳು ಮೊಟ್ಟೆಯಿಡುವ ಕಾಲಕ್ಕೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಗೊತ್ತಾದ ಒಂದೇ ಜಾಗಕ್ಕೆ ದೂರದೂರದಿಂದ ಬಂದು ಸೇರುತ್ತವೆ. ಬರ್ಮುಡಾದಲ್ಲಿ ಆ ಕಾಲ ಮೇಯಿಂದ ಆಗಸ್ಟ್‌ವರೆಗೆ. ಜಾಗ ತಿಳಿದವರಿಗೆ ಇಡೀ ದಿಬ್ಬದ ಮೀನು ಕೆಲವೇ ದಿನಗಳಲ್ಲಿ ಸಿಗುತ್ತದೆ. ಸಾಲದ್ದಕ್ಕೆ ರೆಡ್ ಹೈಂಡ್, ಕಪ್ಪು ಮುರು ಮುಂತಾದವು ಹೆಣ್ಣಾಗಿ ಬೆಳೆದು, ದೊಡ್ಡವಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೇ ಆರಿಸಿ ಹಿಡಿದರೆ ಗಂಡುಗಳೇ ಇಲ್ಲದಂತಾಗುತ್ತದೆ. ಕಪ್ಪು ಮುರು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಸುಮಾರು ಒಂದು ವರ್ಷಕ್ಕೇ ಮೊಟ್ಟೆಯಿಡಲು ಸಿದ್ಧವಾಗುವ ವಾಹೂವಿನ ಜೊತೆ ಹೋಲಿಸಿದರೆ, ಒಂದೇ ಕಡಲಿನ ಎರಡು ಮೀನುಗಳಿಗೆ ಒಂದೇ ನಿಯಮ ಯಾಕೆ ಹೊಂದದು ಎಂಬುದು ಗೊತ್ತಾಗುತ್ತದೆ.

1972ರಲ್ಲಿ ಮೀನುಗಾರಿಕಾ ಕಾಯ್ದೆ ಬಂತು. 1974ರಲ್ಲಿ ರೆಡ್ ಹೈಂಡ್ ಸೇರುವ ಜಾಗಗಳನ್ನು ಆ ತಿಂಗಳುಗಳಲ್ಲಿ ಮುಚ್ಚಲಾಯಿತು. 1975ರಿಂದ ವೃತ್ತಿ ಮೀನುಗಾರರು ಹಿಡಿದ ಮೀನಿನ ಅಂಕಿಅಂಶ ಕಲೆಹಾಕುವ ವ್ಯವಸ್ಥೆ ಶುರುವಾಯಿತು. ಲೆಕ್ಕ ಇಟ್ಟದ್ದರಿಂದಲೇ ಅನಾಹುತ ಕಾಣಿಸಿತು. 1975ರಿಂದ 1981ರ ನಡುವೆ ನಸ್ಸಾವು ಮುರುವಿನ ಇಳುವರಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಸಿದಿತ್ತು. ದೊಡ್ಡ ಮೀನು ತೀರಿದಂತೆ ಗೂಡುಗಳಿಗೆ ಬೀಳತೊಡಗಿದ್ದು ಗಿಳಿಮೀನು. ಇದು ಹವಳದ ಮೇಲಿನ ಪಾಚಿ ಮೇಯುವ ಮೀನು. ಅದು ಹೋದರೆ ಪಾಚಿ ಹವಳವನ್ನು ಮುಚ್ಚುತ್ತದೆ. ಅಂದರೆ ಮೀನು ಮಾತ್ರವಲ್ಲ, ಮೀನಿನ ಮನೆಯೇ ಅಪಾಯಕ್ಕೆ ಸಿಕ್ಕಿತು.

1990ರ ಏಪ್ರಿಲ್‌ನಲ್ಲಿ ಸರ್ಕಾರ ಮೀನುಗೂಡುಗಳನ್ನು ಪೂರ್ತಿಯಾಗಿ ನಿಷೇಧಿಸಿತು. ಗೂಡಿನ ಮೀನುಗಾರರಿಗೆ ಪರಿಹಾರ ಧನ ಕೊಡಲಾಯಿತು. ಅವರ ಸಿಟ್ಟು ಸಣ್ಣದಾಗಿರಲಿಲ್ಲ. ತಲೆಮಾರುಗಳಿಂದ ನಡೆದುಬಂದ ಕೆಲಸ ಒಂದೇ ಏಟಿಗೆ ನಿಂತಿತು. ಹವಳದ ದಿಬ್ಬ ನೋಡಲು ಬರುವ ಪ್ರವಾಸಿಗರಿಂದ ದ್ವೀಪಕ್ಕೆ ಬರುವ ಆದಾಯವೂ ಸರ್ಕಾರದ ತೂಕದಲ್ಲಿ ಸೇರಿತ್ತು ಎಂಬುದು ನಿಜ. ಬೇರೆಯವರ ಆದಾಯಕ್ಕಾಗಿ ತಮ್ಮ ಅನ್ನ ಕಿತ್ತುಕೊಂಡರು ಎಂದು ಗೂಡಿನವರಿಗೆ ಅನ್ನಿಸಿದ್ದರೆ ಅದನ್ನು ತಪ್ಪೆನ್ನಲಾಗದು. ಆದರೂ ನಿಷೇಧ ಸರಿಯಾಗಿತ್ತೆಂದೇ ನನ್ನ ತೀರ್ಮಾನ. 1993ರಿಂದ ಗಿಳಿಮೀನಿಗೆ ರಕ್ಷಣೆ ಸಿಕ್ಕಿತು. ನಸ್ಸಾವು ಮುರು ಸೇರಿದಂತೆ ಅಳಿವಿನಂಚಿನ ಕೆಲವು ಮುರುಗಳನ್ನು 1996ರಲ್ಲಿ ಮುಟ್ಟಬಾರದ ಪಟ್ಟಿಗೆ ಸೇರಿಸಲಾಯಿತು.

ಫಲ ಒಂದೇ ಥರದ್ದಲ್ಲ. ಗಿಳಿಮೀನು ಬೇಗ ಚೇತರಿಸಿಕೊಂಡಿತು. ಬರ್ಮುಡಾದ ಹವಳ ಕೆರಿಬಿಯನ್‌ನ ಬಹುಪಾಲು ಕಡೆಗಿಂತ ಚೆನ್ನಾಗಿ ಉಳಿದದ್ದರಲ್ಲಿ ಅದರ ಪಾಲಿದೆ. ರೆಡ್ ಹೈಂಡ್ ನಿಂತುಕೊಂಡಿತು. ಕಪ್ಪು ಮುರು ನಿಧಾನವಾಗಿ ಮರಳಿತು. ಈಗಲೂ ಹವ್ಯಾಸಿ ದೋಣಿಯೊಂದು ದಿನಕ್ಕೆ ಒಂದೇ ಕಪ್ಪು ಮುರು ಇಟ್ಟುಕೊಳ್ಳಬಹುದು, ಅದೂ ನಿಗದಿಯಾದ ಅಳತೆ ಮೀರಿದ್ದರೆ. ನಸ್ಸಾವು ಮುರು ಮಾತ್ರ ಮರಳಲಿಲ್ಲ. ಅಲ್ಲೊಂದು ಇಲ್ಲೊಂದು ಕಾಣಿಸಿದರೂ ಅವು ಸೇರಿ ಮೊಟ್ಟೆಯಿಡುತ್ತಿದ್ದ ಜಾಗಗಳು ಬರಿದಾಗಿಯೇ ಉಳಿದಿವೆ. ಹಳೆಯ ಮೀನುಗಳ ಹಿಂದೆ ಹೋಗಿ ಜಾಗ ಕಲಿಯಬೇಕಾದ ಎಳೆಯ ಮೀನಿಗೆ ದಾರಿ ತೋರಿಸುವವರೇ ಇಲ್ಲವಾದರೆ ಆ ಜಾಗದ ನೆನಪೇ ಅಳಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಮಿತಿಯೊಂದನ್ನು ದಾಟಿದ ಮೇಲೆ ನಿಷೇಧವೂ ಕೈಗೂಡುವುದಿಲ್ಲ.

ಹವ್ಯಾಸಿಯ ಪಾಲು ಎಷ್ಟು?

ಗೂಡು ಹೋದ ಮೇಲೆ ವೃತ್ತಿ ಮೀನುಗಾರರೂ ಗಾಳ ಹಿಡಿದು ನೀಲಿನೀರಿಗೆ ಹೊರಟರು. ವಾಹೂ ಮತ್ತು ಹಳದಿ ರೆಕ್ಕೆಯ ಟ್ಯೂನಾ ಮಾರುಕಟ್ಟೆಯ ಮುಖ್ಯ ಮೀನುಗಳಾದವು. ಅಂದಿನಿಂದ ವೃತ್ತಿಯವರೂ ಹವ್ಯಾಸಿಗಳೂ ಒಂದೇ ದಿಣ್ಣೆಯ ಮೇಲೆ, ಒಂದೇ ಮೀನಿಗೆ, ಒಂದೇ ಸಾಧನದಲ್ಲಿ ನಿಂತಿದ್ದಾರೆ. ಆದರೆ ನಿಯಮದ ಭಾರ ಇಬ್ಬರ ಮೇಲೂ ಒಂದೇ ಅಲ್ಲ.

ವೃತ್ತಿಯವರಿಗೆ ಪರವಾನಗಿ ಬೇಕು, ಹಿಡಿದದ್ದನ್ನು ಬರೆದು ಒಪ್ಪಿಸಬೇಕು. ಹವ್ಯಾಸಿಗಳು ಹಿಡಿದದ್ದನ್ನು ಮಾರುವಂತಿಲ್ಲ. ಮುಳುಗಿ ಕುಣಿಕೆಯಲ್ಲಿ ಸಿಗಡಿರಾಜ ಹಿಡಿಯುವ ಹವ್ಯಾಸಿಗಳಿಗೂ ಪರವಾನಗಿಯಿದೆ, ಋತುವಿದೆ, ಲೆಕ್ಕ ಒಪ್ಪಿಸುವ ಕಟ್ಟಳೆಯಿದೆ. ಈಟಿಯಿಂದ ಹೊಡೆಯುವವರು ಉಸಿರಾಟದ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುವಂತಿಲ್ಲ, ಬಂದೂಕಿನಂಥ ಈಟಿಯಂತ್ರ ಬಳಸುವಂತಿಲ್ಲ, ತೀರದಿಂದ ಒಂದು ಮೈಲಿಯೊಳಗೆ ಹೊಡೆಯುವಂತಿಲ್ಲ. ಆದರೆ ಗಾಳದ ಕಡ್ಡಿ ಹಿಡಿದ ಹವ್ಯಾಸಿಗಳಿಗೆ ದಶಕಗಳ ಕಾಲ ಪರವಾನಗಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಅವರೆಷ್ಟು ಜನ, ಯಾವ ಮೀನು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಆಗೊಮ್ಮೆ ಈಗೊಮ್ಮೆ ನಡೆಸುವ ಸಮೀಕ್ಷೆಗಳಿಂದ ಅಂದಾಜು ಮಾಡಬೇಕಿತ್ತು. ಇವರಿಗೂ ಪರವಾನಗಿ ಬರಬೇಕೇ ಎಂಬ ಚರ್ಚೆ ದ್ವೀಪದಲ್ಲಿ ಮತ್ತೆ ಮತ್ತೆ ಎದ್ದಿದೆ.

ಪರವಾನಗಿ ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ದಡದಲ್ಲಿ ನಿಂತು ಮಕ್ಕಳಿಗೆ ಗಾಳ ಹಿಡಿಯಲು ಕಲಿಸುವುದು ಊರಿನ ಹಕ್ಕು, ಅದಕ್ಕೆ ಶುಲ್ಕ ಹಾಕುವುದು ಅನ್ಯಾಯ ಎನ್ನುತ್ತಾರೆ. ಬಡ ಕುಟುಂಬಕ್ಕೆ ಗಾಳದ ಮೀನು ಊಟವೂ ಹೌದು. ಈ ಮಾತಿಗೆ ಪರಿಹಾರ ಶುಲ್ಕವಿಲ್ಲದ ನೋಂದಣಿ. ದುಡ್ಡು ಬೇಡ, ಲೆಕ್ಕ ಬೇಕು. ನಸ್ಸಾವು ಮುರು ಕುಸಿದದ್ದು ಗೊತ್ತಾದದ್ದು ಯಾರೋ ಬರೆದಿಟ್ಟದ್ದರಿಂದ. ಮುಂದಿನ ಕುಸಿತ ಹವ್ಯಾಸಿಗಳ ಗಾಳದ ತುದಿಯಲ್ಲಿ ನಡೆದರೆ ಅದನ್ನು ಯಾರು ಬರೆದಿಟ್ಟಿರುತ್ತಾರೆ?

ಬಿಟ್ಟ ಮೀನು ಬದುಕುತ್ತದೆಯೇ?

ಹಿಡಿದು ಬಿಡುತ್ತೇವೆ, ಕೊಲ್ಲುವುದಿಲ್ಲ ಎಂಬುದು ಹವ್ಯಾಸಿಗಳ ಇನ್ನೊಂದು ಉತ್ತರ. ಇದನ್ನು ಪರೀಕ್ಷಿಸಿದ ಮುಖ್ಯ ಅಧ್ಯಯನವೊಂದು ಬರ್ಮುಡಾದಲ್ಲಿಯೇ ನಡೆದಿದೆ. ಜಾನ್ ಗ್ರೇವ್ಸ್, ಬ್ರಯನ್ ಲಕ್‌ಹರ್ಸ್ಟ್ ಮತ್ತು ಎರಿಕ್ ಪ್ರಿನ್ಸ್ 1999ರ ಬೇಸಿಗೆಯಲ್ಲಿ ಹವ್ಯಾಸಿ ದೋಣಿಗಳು ಹಿಡಿದ ಒಂಬತ್ತು ನೀಲಿ ಮಾರ್ಲಿನ್‌ಗಳಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಸಾಧನ ಕಟ್ಟಿ ಬಿಟ್ಟರು. ಐದು ದಿನಗಳ ನಂತರ ಸಾಧನ ತಾನಾಗಿ ಕಳಚಿ ಮೇಲೆ ತೇಲುವಂತೆ ಏರ್ಪಾಡಾಗಿತ್ತು. ಎಂಟರಿಂದ ಸುದ್ದಿ ಬಂತು. ಎಂಟೂ ಮೀನು ಆ ಐದು ದಿನ ಬದುಕಿದ್ದವು. ಎಣಿಕೆ ಚಿಕ್ಕದು, ಕಾಲವೂ ಚಿಕ್ಕದು. ಆದರೂ ಸರಿಯಾಗಿ ಹಿಡಿದು ಬೇಗ ಬಿಟ್ಟ ಮಾರ್ಲಿನ್ ಬದುಕುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಆಧಾರಗಳಲ್ಲಿ ಅದೊಂದು. ಇದರ ಜೊತೆಗೆ ಕೊಕ್ಕೆಯ ಆಕಾರವೂ ಮುಖ್ಯ. ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆ ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ಸಿಕ್ಕುತ್ತದೆ. ಮೀನಿಗೆ ಒಳಗಾಯ ಆಗುವುದು ಕಡಿಮೆ.

ಇದೇ ಮಾತನ್ನು ದಿಬ್ಬದ ಮೀನಿಗೆ ಹೇಳಲಾಗದು. ಆಳದಿಂದ ಎಳೆದ ಮುರುವಿನ ಹೊಟ್ಟೆಯೊಳಗಿನ ಗಾಳಿಚೀಲ ಒತ್ತಡ ಕಡಿಮೆಯಾದಂತೆ ಉಬ್ಬುತ್ತದೆ. ಅಂಥ ಮೀನು ಮೇಲೆ ಬಿಟ್ಟರೆ ಕೆಳಗಿಳಿಯಲಾಗದೆ ತೇಲಿ ಸಾಯುತ್ತದೆ. ತೂಕ ಕಟ್ಟಿದ ಸಾಧನದಿಂದ ಅದನ್ನು ಮತ್ತೆ ಆಳಕ್ಕೆ ಇಳಿಸಿ ಬಿಡಬೇಕು. ಅದಕ್ಕೆ ತಾಳ್ಮೆ ಬೇಕು. ಮುಟ್ಟಬಾರದ ಮೀನು ಸಿಗುವ ಜಾಗದಲ್ಲಿ ಗಾಳವನ್ನೇ ಹಾಕದಿರುವುದು ಇದಕ್ಕಿಂತಲೂ ಒಳ್ಳೆಯದು. ದೊಡ್ಡ ಬಹುಮಾನದ ಪಂದ್ಯಗಳ ವಿಷಯವೂ ಇಲ್ಲಿ ಬರುತ್ತದೆ. ತೂಕಕ್ಕೆ ಬಹುಮಾನ ಇರುವವರೆಗೆ ಅತಿ ದೊಡ್ಡ ಮಾರ್ಲಿನ್ ಹಡಗುಕಟ್ಟೆಗೆ ಬರುತ್ತಲೇ ಇರುತ್ತದೆ. ಅದು ಹೆಣ್ಣೇ ಆಗಿರುತ್ತದೆ. ಬಿಟ್ಟ ಮೀನಿಗೆ ಹೆಚ್ಚು ಅಂಕ ಕೊಡುವ ಕಡೆಗೆ ಪಂದ್ಯಗಳು ವಾಲುತ್ತಿರುವುದು ಸರಿಯಾದ ದಿಕ್ಕು. ಅದು ಪೂರ್ತಿಯಾಗಬೇಕು.

ದ್ವೀಪದ ಕೈಮೀರಿದ್ದು

ಎಲ್ಲವೂ ದ್ವೀಪದವರ ಕೈಯಲ್ಲಿಲ್ಲ. ಅಟ್ಲಾಂಟಿಕ್‌ನ ನೀಲಿ ಮಾರ್ಲಿನ್ ಬಹುಪಾಲು ಸಾಯುವುದು ಟ್ಯೂನಾ ಮತ್ತು ಕತ್ತಿಮೀನಿಗೆಂದು ಹತ್ತಾರು ಮೈಲಿ ಉದ್ದ ಗಾಳ ಹರಡುವ ದೊಡ್ಡ ಹಡಗುಗಳಲ್ಲಿ. ಅದನ್ನು ನಿಯಂತ್ರಿಸಬೇಕಾದದ್ದು ಅಟ್ಲಾಂಟಿಕ್ ಟ್ಯೂನಾ ಸಂರಕ್ಷಣೆಯ ಅಂತರರಾಷ್ಟ್ರೀಯ ಆಯೋಗ. ಬರ್ಮುಡಾದ ಸುತ್ತ ಬೇಸಿಗೆ ಕಳೆಯುವ ಹುಲಿಶಾರ್ಕುಗಳು ಚಳಿಗಾಲಕ್ಕೆ ಕೆರಿಬಿಯನ್ ದ್ವೀಪಗಳ ಕಡೆಗೆ ಹೋಗಿ ಮತ್ತೆ ಬರುತ್ತವೆ. ವರ್ಷಕ್ಕೆ 7,500 ಕಿಲೋಮೀಟರಿಗೂ ಹೆಚ್ಚಿನ ಈ ಓಡಾಟವನ್ನು 2015ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನ ದಾಖಲಿಸಿತು. ಒಂದು ಸರ್ಕಾರದ ಕಾನೂನು ಇಂಥ ಪ್ರಾಣಿಗಳನ್ನು ಕಾಯಲು ಸಾಲದು. ಬರ್ಮುಡಾವನ್ನು ಸುತ್ತುವರಿದ ಸರ್ಗಾಸೊ ಕಡಲಿನ ರಕ್ಷಣೆಗೆ 2014ರಲ್ಲಿ ಹ್ಯಾಮಿಲ್ಟನ್ ಘೋಷಣೆಗೆ ಹಲವು ಸರ್ಕಾರಗಳು ಸಹಿ ಹಾಕಿದ್ದು ಈ ಅರಿವಿನಿಂದಲೇ. ತೇಲುವ ಸರ್ಗಾಸಮ್ ಪಾಚಿಯ ಕೆಳಗೆ ಮಾಹಿಮಾಹಿಯಂಥ ಮೀನುಗಳ ಮರಿಗಳು ಆಶ್ರಯ ಪಡೆಯುತ್ತವೆ.

2000ರಲ್ಲಿ ಮೊದಲ ಬಾರಿ ಇಲ್ಲಿ ಕಾಣಿಸಿದ ಲಯನ್‌ಫಿಶ್ ಇನ್ನೊಂದು ತಲೆನೋವು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಮೂಲದ, ವಿಷಮುಳ್ಳಿನ ಈ ಮೀನು ಅಮೆರಿಕದ ಅಕ್ವೇರಿಯಂಗಳಿಂದ ಕಡಲು ಸೇರಿತೆಂಬುದು ಸಾಮಾನ್ಯ ನಂಬಿಕೆ. ದಿಬ್ಬದ ಮರಿಮೀನುಗಳನ್ನು ಅದು ಎಗ್ಗಿಲ್ಲದೆ ತಿನ್ನುತ್ತದೆ. ಇಲ್ಲಿ ಅದನ್ನು ತಿನ್ನುವ ಶತ್ರು ಇಲ್ಲದಂತೆಯೇ. ಈಟಿಯಿಂದ ಹೊಡೆಯಲು ತರಬೇತಿ ಕೊಟ್ಟು ವಿಶೇಷ ಪರವಾನಗಿ ಕೊಡಲಾಗುತ್ತಿದೆ. ಮುಳುಗುಗಾರರು ತಲುಪದ ಅರವತ್ತು ಮೀಟರ್ ಆಳದಲ್ಲಿ ಅದು ದಟ್ಟವಾಗಿದೆ ಎಂಬುದೇ ಕಷ್ಟ. ಇದರ ಮೇಲೆ ಕಡಲು ಬಿಸಿಯಾಗುತ್ತಿದೆ. 1903ರಲ್ಲಿ ಶುರುವಾದ ಬರ್ಮುಡಾದ ಸಾಗರ ಸಂಶೋಧನಾ ಕೇಂದ್ರದ ದೀರ್ಘ ಅಳತೆಗಳ ಪ್ರಕಾರ ಕಳೆದ ನಾಲ್ಕು ದಶಕಗಳಲ್ಲಿ ಮೇಲ್ಮೈ ನೀರು ಸುಮಾರು 1 ಡಿಗ್ರಿ ಏರಿದೆ, ಆಮ್ಲೀಯತೆಯೂ ಹೆಚ್ಚಿದೆ. ಮರಿಮೀನುಗಳ ತೊಟ್ಟಿಲಾದ ಕಡಲಹುಲ್ಲಿನ ಹಾಸುಗಳು ಬಹುವಾಗಿ ಕಡಿಮೆಯಾಗಿವೆ.

ಏನು ಮಾಡಬೇಕು

ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬರ್ಮುಡಾದಿಂದ ಕಲಿಯಬೇಕಾದದ್ದು ಸ್ಪಷ್ಟವಾಗಿದೆ. ಬೇಗ ಬೆಳೆದು ಬೇಗ ಮೊಟ್ಟೆಯಿಡುವ, ಸಾಗರವೆಲ್ಲ ಓಡಾಡುವ ವಾಹೂವಿನಂಥ ಮೀನಿಗೆ ಗಾಳದ ಬೇಟೆ ಅಷ್ಟಾಗಿ ಹೊರೆಯಲ್ಲ. ನಿಧಾನವಾಗಿ ಬೆಳೆದು ಒಂದೇ ಜಾಗದಲ್ಲಿ ಸೇರುವ ಮುರುವಿಗೆ ಒಂದೊಂದು ಗಾಳವೂ ಹೊರೆ. ಆದ್ದರಿಂದ ಹವ್ಯಾಸಿ ಮೀನುಗಾರಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾಗಿ ಕೇಳುವುದರಿಂದ ಪ್ರಯೋಜನವಿಲ್ಲ. ಯಾವ ಮೀನು, ಯಾವ ತಿಂಗಳು, ಯಾವ ಆಳ ಎಂದು ಕೇಳಬೇಕು.

ಗಾಳ ಹಿಡಿಯುವ ಜನರ ಮೇಲೆ ನನಗೆ ದೂರಿಲ್ಲ. ಕಡಲನ್ನು ಅಷ್ಟು ಹೊತ್ತು, ಅಷ್ಟು ಗಮನದಿಂದ ನೋಡುವವರು ಕಡಿಮೆ. ಮಾರ್ಲಿನ್‌ಗೆ ಸಾಧನ ಕಟ್ಟಿ ಬಿಡಲು ವಿಜ್ಞಾನಿಗಳಿಗೆ ಹೆಗಲು ಕೊಟ್ಟವರು ಅವರೇ. ಅದೇ ಹೊಣೆ ದಡದಲ್ಲಿ ಸ್ನ್ಯಾಪರ್ ಹಿಡಿಯುವವರೆಗೂ ಇಳಿಯಬೇಕು. ಗಾಳ ಹಿಡಿದವರೆಲ್ಲರ ಹೆಸರು ಶುಲ್ಕವಿಲ್ಲದೆ ದಾಖಲಾಗಬೇಕು. ಅವರು ಹಿಡಿದದ್ದೂ ಬಿಟ್ಟದ್ದೂ ವೃತ್ತಿಯವರ ಲೆಕ್ಕದ ಪಕ್ಕದಲ್ಲೇ ಕೂರಬೇಕು. ಮೊಟ್ಟೆಯಿಡುವ ಕಾಲದ ನಿಷೇಧ ಇಬ್ಬರಿಗೂ ಒಂದೇ ಆಗಿರಬೇಕು. 1990ರಲ್ಲಿ ಗೂಡಿನ ಮೀನುಗಾರರು ತಮ್ಮ ಜೀವನೋಪಾಯವನ್ನೇ ಕಡಲಿಗಾಗಿ ಬಿಟ್ಟುಕೊಟ್ಟರು. ಅವರು ತೆತ್ತ ಬೆಲೆಯಿಂದ ಮರಳಿದ ಮೀನನ್ನು ಇಂದು ಸಂತೋಷಕ್ಕಾಗಿ ಹಿಡಿಯುವವರು, ಹಿಡಿದದ್ದರ ಲೆಕ್ಕ ಕೊಡುವುದನ್ನು ಹೊರೆಯೆಂದು ಎಣಿಸುವುದು ನ್ಯಾಯವಲ್ಲ.